ಕಲ್ಲಿಗಂಟಿ ಬಂದದ್ದು

ಕೇಳುವವರು ನಗಬಹುದು, ಹೆತ್ತವಳು ನಗುವ ಹಾಗಿಲ್ಲ. ಅಂಥದ್ದೊಂದು ಕತೆ ಇದು.

ಮುತ್ತಕ್ಕನಿಗೆ ಒಬ್ಬನೇ ಮಗ, ಶೀನ. ಮೀಸೆ ಬಂದು ಹತ್ತು ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ, ಅದೇ ಗ್ರಹಚಾರ! ಕಡಲ ದಂಡೆಯಲ್ಲಿ ಹೋಟೆಲು ನಡೆಸುವ ಸಂಜೀವ ಶೆಟ್ಟರು ಮುತ್ತಕ್ಕನನ್ನು ಅಡಿಗೆಗೆ ಕರೆದರು. ಮಗನನ್ನು ಬಿಟ್ಟು ಬರಲು ಅವಳಿಗೆ ಜಾಗವೆಲ್ಲಿ? ಜೊತೆಗೇ ಕರೆತಂದಳು. ಎಲ್ಲಿ ಎಡವಟ್ಟು ಮಾಡುತ್ತಾನೋ, ಎಲ್ಲಿ ಇವನನ್ನು ಓಡಿಸುತ್ತಾರೋ ಎಂದು ದಿನವೂ ಅವಳ ಎದೆ ಡವಡವ.

ಶೆಟ್ಟರು ಹೋಟೆಲಿನ ಮುಂದುಗಡೆ ದೊಡ್ಡ ಗಾಜಿನ ತೊಟ್ಟಿ ಇರಿಸಿದರು. ಕಡಲ ನೀರು ತುಂಬಿಸಿ ಎರಡು ಕಿತ್ತಳೆ ಬಣ್ಣದ ಮೀನು ಬಿಟ್ಟರು. ಕಡಲ ತಳದ ತೂತು ತೂತಾದ ಕಲ್ಲೂ ಬಂತು. ತಂದವನು ಹೇಳಿದ, "ಇದು ಜೀವ ಇರೋ ಕಲ್ಲು. ತೂತಿನೊಳಗೆ ಏನೇನೋ ಅಡಗಿಕೊಂಡು ಬಂದಿರ್ತದೆ. ಒಳ್ಳೇದೂ ಇರ್ತದೆ, ಕೆಟ್ಟದ್ದೂ ಇರ್ತದೆ. ನೋಡ್ತಾ ಇರ್ಬೇಕು."

"ಶೀನಾ, ನೋಡ್ತಾ ಇರು!" ಎಂದರು ಶೆಟ್ಟರು.

ಶೀನ ನೋಡಿದ. ಕಲ್ಲಿನಿಂದ ಏಡಿ ಹೊರಬಂತು, ನೋಡಿದ. ಮೀನಿನ ಹಿಂದೆ ಹೋಯಿತು, ನೋಡಿದ. ಕಚಕ್ಕೆಂದು ಬಾಲ ಕತ್ತರಿಸಿತು, ಅದನ್ನೂ ನೋಡಿದ!

"ಅಯ್ಯೋ ಪೆದ್ದೇ!" ಎಂದು ಮುತ್ತಕ್ಕ ಹಣೆ ಚಚ್ಚಿಕೊಂಡಳು. "ಕಲ್ಲಿಗೆ ಅಂಟಿಕೊಂಡು, ಕರೆಯದೆ ಬಂದದ್ದನ್ನ ಹಿಡಿದು ಹೊರಗೆ ಹಾಕ್ಬೇಕು!"

"ಆಯ್ತಮ್ಮ, ಹೊರಗೆ ಹಾಕ್ತೆ!"

ಮರುದಿನ ಕಲ್ಲಿನಿಂದ ಪುಟ್ಟ ಶಂಖದ ಹುಳಗಳು ಬಂದವು. ಹೊರಗೆ! ಐದು ಕೈಯ ನಕ್ಷತ್ರಮೀನು ಬಂತು. ಹೊರಗೆ! ಎಲ್ಲವೂ ಅಂಗಳದ ಬಿಸಿಲಲ್ಲಿ ಸಾಲಾಗಿ ಒಣಗಿದವು.

"ಪಾಚಿ ತಿನ್ನೋ ಹುಳ, ಕಸ ತಿನ್ನೋ ನಕ್ಷತ್ರ! ಒಳ್ಳೇದನ್ನೇ ಕೊಂದ್ಯಲ್ಲೋ!" ಎಂದು ಶೆಟ್ಟರು ಕುಣಿದಾಡಿದರು.

ಮುತ್ತಕ್ಕನಿಗೆ ಅಳುವೇ ಬಂತು. "ಅದೂ ಜೀವ ಅಲ್ವಾ ಮಗಾ? ಹೊರಗೆ ತೆಗೆದದ್ದನ್ನ ಉಪ್ಪುನೀರಲ್ಲಿ ಇಡ್ಬೇಕು!"

"ಆಯ್ತಮ್ಮ, ಉಪ್ಪುನೀರಲ್ಲಿ ಇಡ್ತೆ!"

ಮೂರನೆಯ ದಿನ ಮೈತುಂಬ ಮುಳ್ಳುಗೂದಲಿನ ಉದ್ದ ಹುಳ ಬಂತು. ಶೀನ ಇಕ್ಕಳದಲ್ಲಿ ಹಿಡಿದ. ಉಪ್ಪುನೀರು ಎಲ್ಲುಂಟು? ಅಡಿಗೆಮನೆಯಲ್ಲಿ ಮಾವಿನಕಾಯಿ ಹಾಕಿಟ್ಟ ಭರಣಿಯಲ್ಲುಂಟು! ಮುಚ್ಚಳ ತೆಗೆದ, ಹಾಕಿದ, ಮುಚ್ಚಿದ. ಮಧ್ಯಾಹ್ನ ಊಟಕ್ಕೆ ಕೂತ ಗಿರಾಕಿಯ ಎಲೆಯಲ್ಲಿ ಮಾವಿನಕಾಯಿಯ ಜೊತೆ ಹುಳ!

ಶೆಟ್ಟರ ಮುಖ ಕೆಂಡವಾಯಿತು. "ಮುತ್ತಕ್ಕಾ, ನಾನು ಕರೆದದ್ದು ನಿನ್ನನ್ನ. ಇವ ನಿಂಗೆ ಅಂಟಿಕೊಂಡು, ಕರೆಯದೆ ಬಂದವ! ಇನ್ನೊಂದು ಎಡವಟ್ಟು ಆದ್ರೆ ಇಬ್ರೂ ಗಂಟು ಕಟ್ಟಿ!"

"ಇದೊಂದು ಸಲ ಧಣಿ" ಎಂದು ಅವಳು ಕಾಲಿಗೆ ಬಿದ್ದಳು. ಆಮೇಲೆ ಮಗನ ಗಲ್ಲ ಹಿಡಿದು ಹೇಳಿದಳು, "ಕಡಲ ನೀರು ಕಣೋ, ಹಿತ್ತಲ ನೀಲಿ ಡ್ರಮ್ಮಲ್ಲಿ ಉಂಟಲ್ಲ, ಅದು! ಅದರಲ್ಲಿ ಹಾಕು. ಗೊತ್ತಿದ್ದವರು ನೋಡಿ ಹೇಳ್ಲಿ. ಒಳ್ಳೇದು ಅಂದ್ರೆ ವಾಪಸ್ ತೊಟ್ಟಿಗೆ ಬಿಡು. ತಿಳೀತಾ?"

"ತಿಳೀತಮ್ಮ!"

ಮರುದಿನ ಬೆಳಿಗ್ಗೆ ಶೀನ ಇಲ್ಲ. ತೊಟ್ಟಿಯ ಹತ್ತಿರ ಇಲ್ಲ, ಅಡಿಗೆಮನೆಯಲ್ಲಿಲ್ಲ. ಮುತ್ತಕ್ಕ ಕಡಲ ಕಡೆಗೆ ಓಡಿದಳು. ನೊರೆಯಲ್ಲಿ ಅಂಗಿ ಕಂಡೀತೋ ಎಂದು ಹೆದರಿ ಹೆದರಿ ಹುಡುಕಿದಳು. ಸೋತು ಹಿತ್ತಲಿಗೆ ಬಂದರೆ, ನೀಲಿ ಡ್ರಮ್ಮಿನಲ್ಲಿ ಕುತ್ತಿಗೆವರೆಗೆ ಮುಳುಗಿ ಶೀನ ಕೂತಿದ್ದಾನೆ! ತುಟಿ ನೀಲಿ, ಹಲ್ಲು ಕಟಕಟ.

"ಎಂತ ಮಾಡ್ತಿದ್ದಿ ಮಾರಾಯಾ!"

"ನಾನು ಅಂಟಿಕೊಂಡು, ಕರೆಯದೆ ಬಂದವ ಅಂತ ಧಣಿ ಹೇಳಿದ್ರಲ್ಲ ಅಮ್ಮಾ. ಅದಕ್ಕೇ ನನ್ನನ್ನೇ ಹೊರಗೆ ಹಾಕ್ಕೊಂಡೆ."

"ಎದ್ದು ಬಾರೋ!"

"ಹೇಗೆ ಬರ್ಲಿ? ಗೊತ್ತಿದ್ದವರು ನೋಡಿ ಹೇಳ್ಬೇಕಲ್ಲ! ನಿಂಗೆ ನಾನು ಗೊತ್ತುಂಟಲ್ಲ, ನೀನೇ ನೋಡಿ ಹೇಳು. ನಾನು ಒಳ್ಳೇದಾ, ಕೆಟ್ಟದ್ದಾ?"

ಮುತ್ತಕ್ಕ ಅವನ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡಳು. ಸದ್ದು ಕೇಳಿ ಬಂದ ಶೆಟ್ಟರು ಕೂಡ ತಲೆ ತಗ್ಗಿಸಿದರು. "ಒಳ್ಳೇದು ಮಗಾ" ಎಂದು ಅವಳು ಜೋರಾಗಿ ಅತ್ತಳು. "ನಿನ್ನಷ್ಟು ಒಳ್ಳೇದು ಯಾವುದೂ ಇಲ್ಲ."

"ಇರಲಿ ಬಿಡು ಮುತ್ತಕ್ಕಾ, ಅವನೂ ಇರಲಿ" ಎಂದು ಶೆಟ್ಟರು ಹೇಳಿ ಮುಗಿಸುವಷ್ಟರಲ್ಲಿ ಶೀನ ಡ್ರಮ್ಮಿನಿಂದ ಹಾರಿ ಒಳಗೆ ಓಡಿಯೇಬಿಟ್ಟಿದ್ದ. ಧಡಲ್! ಇವರು ಹೋಗಿ ನೋಡುತ್ತಾರೆ, ಕಾಫಿ ಕುಡಿಯುವವರ ಕಾಲಡಿಯಲ್ಲೆಲ್ಲ ಕಡಲ ನೀರು. ಗಾಜಿನ ತೊಟ್ಟಿಯೊಳಗೆ, ಕಲ್ಲಿನ ಮೇಲೆ ಶೀನ.

ಶೆಟ್ಟರು ಬಾಗಿಲ ಕಡೆ ಕೈ ತೋರಿಸಿದರು. ಮುತ್ತಕ್ಕ ನೆಲದ ಮೇಲೆ ಒದ್ದಾಡುತ್ತಿದ್ದ ಬಾಲವಿಲ್ಲದ ಮೀನನ್ನು ಸೆರಗಿನಲ್ಲಿ ಎತ್ತಿಕೊಂಡು ಅಲ್ಲೇ ಕುಸಿದಳು.

"ಅಮ್ಮಾ, ವಾಪಸ್ ಬಂದೆ!" ಎಂದ ಶೀನ, ಮೀಸೆಯಿಂದ ನೀರು ಸುರಿಸುತ್ತ. "ಇನ್ನು ನನ್ನನ್ನ ಯಾರೂ ಹೊರಗೆ ಹಾಕೋ ಹಾಗಿಲ್ಲ, ಅಲ್ವಾ ಧಣಿ?"