ಅರಸರ ಪಾದದ ಗುರುತು

ಕೋಳಿ ಕೂಗಿದರೆ ಗಡಿಯಾಚೆ ಕೇಳಿಸುವಷ್ಟು ಪುಟ್ಟ ಸಂಸ್ಥಾನ ಹೊಳೆಗಲ್ಲು. ಅದರ ಅರಸು ಮುದ್ದುರಾಜರಿಗೆ ಒಂದೇ ಹಟ: ತಮ್ಮ ಪಾದದ ಗುರುತು ಸಾವಿರ ವರ್ಷ ಉಳಿಯಬೇಕು. ಸಿಮೆಂಟೆಂಬ ಹೊಸ ಪುಡಿ ರೈಲಿನಲ್ಲಿ ಬಂದದ್ದೇ ತಡ, ಅರಮನೆ ಬಾಗಿಲಲ್ಲಿ ಗಾರೆ ಹಾಕಲು ಮೇಸ್ತ್ರಿ ಬೋರಲಿಂಗನಿಗೆ ಅಪ್ಪಣೆಯಾಯಿತು.

"ಬಾವಿ ನೀರು ಮಾತ್ರ ಬೇಡ," ಎಂದರು ಅರಸರು. "ಅದನ್ನು ಊರವರೆಲ್ಲ ಕುಡಿಯುತ್ತಾರೆ. ನಮ್ಮ ಗಾರೆಯನ್ನು ಕಬ್ಬಿನ ಹಾಲಿನಲ್ಲಿ ಕಲಸು."

ಅರಸರ ಮುತ್ತಜ್ಜ ಕಟ್ಟಿಸಿದ ಕೋಟೆಯ ಗಾರೆಗೆ ಬೆಲ್ಲದ ನೀರು ಬಿದ್ದಿತ್ತಂತೆ, ಕೋಟೆ ಇನ್ನೂ ಅಲುಗಿಲ್ಲವಂತೆ. ಅದು ಸುಣ್ಣದ ಗಾರೆ, ಸಿಮೆಂಟಿಗೆ ಸಿಹಿ ತಾಗಿದರೆ ಗಟ್ಟಿಯಾಗುವುದೇ ಇಲ್ಲ, ಕುಡಿಯುವಂಥ ನೀರೇ ಬೇಕು ಎಂದು ಬೋರಲಿಂಗ ಗೋಗರೆದ. ಗುರುತು ಉಳಿಯದಿದ್ದರೆ ನಿನಗೆ ಗಡಿಪಾರು ಎಂದುಬಿಟ್ಟರು ಅರಸರು.

ಬೋರಲಿಂಗ ಕಣ್ಣೊರೆಸಿಕೊಂಡು ಚೆನ್ನಾಜಮ್ಮನ ಬಳಿಗೆ ಬಂದ. ಅರಸರನ್ನು ಎತ್ತಾಡಿಸಿದ ದಾದಿ ಆಕೆ. ತೊಟ್ಟಿಲಲ್ಲಿದ್ದಾಗಲೇ ಮಾತು ಕೇಳದವನು ಕಿರೀಟ ಇಟ್ಟ ಮೇಲೆ ಕೇಳಿಯಾನೇ ಎಂದುಕೊಂಡಳು.

"ಅವರು ಹೇಳಿದ ಹಾಗೇ ಕಲಸು," ಎಂದಳು. "ನನಗೊಂದು ಬುಟ್ಟಿ ಪುಡಿ ಉಳಿಸು."

ಓಲಗದ ಸದ್ದಿನ ನಡುವೆ ಅರಸರು ಹಸಿ ಗಾರೆಯಲ್ಲಿ ಬಲಗಾಲು ಊರಿ ಒಳಗೆ ಹೋದರು. ಚೆನ್ನಾಜಮ್ಮ ಪಕ್ಕದಲ್ಲೇ ಬಾವಿ ನೀರಿನ ಗಾರೆ ಹರವಿಸಿ, ಅಗಸರ ಕತ್ತೆಯ ಒಂದು ಕಾಲು ಹಿಡಿದು ಅದರೊಳಗೆ ಊರಿಸಿದಳು.

ನಾಲ್ಕನೆಯ ದಿನ ಅರಸರು ಬಂದು ನೋಡಿದರೆ ಪಾದವೆಲ್ಲಿ? ಗಾರೆ ಇನ್ನೂ ಅಂಬಲಿಯಂತಿತ್ತು. ಸಿಹಿಗೆ ಇರುವೆ ಮುತ್ತಿ, ಇರುವೆ ಹೆಕ್ಕಲು ಕೋಳಿಗಳು ಬಂದು, ಎಲ್ಲವನ್ನೂ ಕೆದರಿ ಹಾಕಿದ್ದವು. ಪಕ್ಕದಲ್ಲಿ ಗೊರಸಿನ ಗುರುತು ಮಾತ್ರ ಕಲ್ಲಿನಲ್ಲಿ ಕೆತ್ತಿದಂತಿತ್ತು. ಒಡೆದು ಹಾಕಿ ಎಂದು ಅರಸರು ಗುಡುಗಿದರು. ಆಳು ಬಡಿದ ಏಟಿಗೆ ಸುತ್ತಿಗೆಯ ಹಿಡಿಯೇ ಮುರಿಯಿತು.

ಬೋರಲಿಂಗ ಆಗಲೇ ಗಂಟುಮೂಟೆ ಕಟ್ಟಿ ನಿಂತಿದ್ದ.

"ಅದು ಒಡೆಯುವುದಿಲ್ಲ ಬುದ್ಧಿ," ಎಂದಳು ಚೆನ್ನಾಜಮ್ಮ. "ಬಾವಿ ನೀರಲ್ಲಿ ಕಲಸಿದ್ದು. ನಿಮ್ಮ ಮರಿಮಕ್ಕಳೂ ನೋಡುತ್ತಾರೆ."

"ನೋಡಿ ಏನಂದುಕೊಂಡಾರು?"

"ಏನಂದುಕೊಳ್ಳುತ್ತಾರೆ? ಅರಮನೆ ಬಾಗಿಲಲ್ಲಿ ಉಳಿದಿರುವುದು ಇದೊಂದೇ ಗುರುತು. ಮುದ್ದುರಾಜರದ್ದೇ ಇರಬೇಕು ಅಂತಾರೆ."

ಅರಸರು ಗೊರಸಿನ ಗುರುತನ್ನೂ ತಮ್ಮ ಬಲಗಾಲನ್ನೂ ನೋಡಿಕೊಂಡರು. ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬೋರಲಿಂಗನ ಗಂಟು ಬಿಚ್ಚಿಸಿ, ಅವನ ಹೆಗಲಿಗೆ ಜರಿ ಶಾಲು ಹೊದಿಸಿ, ಹೊಸ ಗಾರೆಗೆಂದು ತಾವೇ ಕೊಡ ಹಿಡಿದು ಬಾವಿಯ ಕಡೆ ನಡೆದರು.