ಗೊರಬು ಹೊದ್ದು ಬಂದವರು

“ಸರ್, ಈ ಅಣುವನ್ನು ಕೈಬಿಟ್ಟುಬಿಡಲೇ?” ಎಂದು ವಾರಿಜಾ ತನ್ನ ಗುರುಗಳನ್ನು ಕೇಳಿದಳು.

ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಕೂತು ಅವಳೇ ಕಟ್ಟಿದ ಇಂಗಾಲದ ಅಣು ಅದು. ದ್ರಾವಣದಲ್ಲಿ ಕರಗಲೆಂದು ಅದರ ಎರಡೂ ಬದಿಗೆ ಪರಮಾಣುಗಳ ಸರಪಳಿಯಂಥ ಉದ್ದನೆಯ ಬಾಲ ಜೋಡಿಸಿದ್ದಳು. ಅಣು ಚೆನ್ನಾಗಿಯೇ ಕರಗಿತು, ಗಾಜಿನ ಮೇಲೆ ತೆಳ್ಳನೆಯ ಪದರವಾಗಿ ಹರಡಿತು. ವಿದ್ಯುತ್ತು ಮಾತ್ರ ಅದರಲ್ಲಿ ಹರಿಯಲೊಲ್ಲದು. ಇದನ್ನು ಬಿಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಗುರುಗಳು ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಮನೆ ಕೆರೆಯ ಏರಿಯ ಕೆಳಗೇ ಇತ್ತು. ಒಂದು ಮಳೆಗಾಲ ಏರಿ ಬಿರುಕು ಬಿಟ್ಟಿತು. ರೈತ ಕೂಗಿ ಕರೆದ. ಊರವರೆಲ್ಲ ಗೊರಬು ಹೊದ್ದು ಓಡಿ ಬಂದರು. ಗೊರಬೆಂದರೆ ಎಲೆ ಹೆಣೆದು ಮಾಡಿದ, ತಲೆಬೆನ್ನು ಮುಚ್ಚುವ ಅಗಲವಾದ ಹೊದಿಕೆ. ದಿಬ್ಬದಿಂದ ಏರಿಯವರೆಗೆ ಸಾಲಾಗಿ ನಿಂತು ಮಣ್ಣಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸತೊಡಗಿದರು. ಗೊರಬಿಗೆ ಗೊರಬು ತಾಗಿ ಯಾರಿಗೂ ಹತ್ತಿರ ನಿಲ್ಲಲಾಗಲಿಲ್ಲ. ಕೈಗೆ ಕೈ ಎಟುಕದೆ ಬುಟ್ಟಿ ನಡುವೆ ಬೀಳುತ್ತಿತ್ತು. ಊರಗೌಡ ಸಿಡುಕಿದ: “ಇವರ ಕೈಲಿ ಆಗೋ ಕೆಲಸ ಅಲ್ಲ ಇದು. ಆಚೆಯೂರಿನ ಗಟ್ಟಿ ಆಳುಗಳನ್ನು ಕರೆಸಿ.” ಅವರೂ ಬಂದರು. ಮೈ ದೊಡ್ಡದಾದ್ದರಿಂದ ಅವರ ಗೊರಬೂ ದೊಡ್ಡದಿತ್ತು. ಬುಟ್ಟಿಗಳು ಇನ್ನೂ ಹೆಚ್ಚು ಬಿದ್ದವು. ಮಳೆಯಲ್ಲಿ ಗೊರಬು ತೆಗೆಯುವುದು ಆ ಸೀಮೆಯವರ ಜನ್ಮದಲ್ಲೇ ಇರಲಿಲ್ಲ, ನೋಡು.

ಸೋರಿದ ನೀರು ರೈತನ ಹೊಸಿಲು ಮುಟ್ಟಿತು. ಅವನಿಗೆ ತಡೆಯಲಾಗಲಿಲ್ಲ. ತನ್ನ ಗೊರಬನ್ನು ಕಿತ್ತೆಸೆದು, ಪಕ್ಕದವನದನ್ನೂ ಎಳೆದು ಬಿಸಾಡಿ, ಭುಜಕ್ಕೆ ಭುಜ ತಾಗಿಸಿ ನಿಂತ. ಅದನ್ನು ಕಂಡು ಉಳಿದವರೂ ಕಳಚಿದರು. ಎಲ್ಲರೂ ತೊಯ್ದು ತೊಪ್ಪೆಯಾದರು. ಬುಟ್ಟಿಗಳು ನಿಲ್ಲದೆ ಸಾಗಿದವು. ಏರಿ ಉಳಿಯಿತು, ರೈತನ ಮನೆಯೂ ಉಳಿಯಿತು.

ವಾರಿಜಾಳಿಗೆ ಅರ್ಥವಾಯಿತು. ವಿದ್ಯುತ್ತು ಅಣುವಿನಿಂದ ಅಣುವಿಗೆ ದಾಟಬೇಕು. ಅವಳು ಕಟ್ಟಿದ ಬಾಲಗಳೇ ಅಣುಗಳನ್ನು ದೂರ ನಿಲ್ಲಿಸಿದ್ದವು. ಅವಳ ಮುಖ ಬಾಡಿತು.

“ಹಾಗಾದರೆ ಬಾಲ ಕಟ್ಟಿದ್ದೇ ತಪ್ಪಾಯಿತು, ಸರ್.”

“ಗೊರಬಿಲ್ಲದಿದ್ದರೆ ಆ ಮಳೆಯಲ್ಲಿ ಅವರು ಏರಿಯವರೆಗೆ ಬರುತ್ತಿದ್ದರೇನಮ್ಮ? ಅಣು ಹಾಗೇ ಇರಲಿ. ಪದರ ಹರಡಿದ ಮೇಲೆ ಬಿಸಿಗೆ ಕಳಚಿಬೀಳುವಂಥ ಬಾಲ ಕಟ್ಟು.”

ವಾರಿಜಾ ಬಹಳ ದಿನಗಳ ಮೇಲೆ ನಿರಾಳವಾಗಿ ಉಸಿರುಬಿಟ್ಟಳು.