ಹರಿಗೋಲು ಹತ್ತಿದ ಸೂಲಗಿತ್ತಿ

‘ಗುರುಗಳೇ, ತಲೆಯೊಳಗಿನ ವಿಚಾರ ನಿಲ್ಲುವುದು ಹೇಗೆ?’

ಕೇಳಿದವನು ಗುರುಪಾದನೆಂಬ ಶಿಷ್ಯ. ಮರುದಿನದಿಂದ ಅವನು ಮಠದ ಶಾಲೆಯ ಮಕ್ಕಳಿಗೆ ಪಾಠ ಹೇಳಬೇಕಿತ್ತು. ಮಕ್ಕಳು ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ? ತಪ್ಪು ಹೇಳಿಕೊಟ್ಟು, ಆ ತಪ್ಪೇ ಅವರ ತಲೆಯಲ್ಲಿ ಉಳಿದರೆ? ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಊಟಕ್ಕೆ ಕೂತರೂ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ‘ವಿಚಾರವೆಲ್ಲ ನಿಂತ ಮೇಲೆ ಶಾಲೆಗೆ ಹೋಗುತ್ತೇನೆ’ ಎಂದ.

ಗುರುಗಳು ನಕ್ಕರು. ‘ನಿನ್ನದೇನೂ ಹೊಸ ರೋಗವಲ್ಲ. ಕೂತುಕೋ’ ಎಂದು ಕತೆ ಹೇಳಿದರು.

ಹೊಳೆಯ ದಂಡೆಯ ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಕೈಗುಣ ಒಳ್ಳೆಯದೆಂದು ಹೆಸರು. ಊರಿನ ಅರ್ಧಕ್ಕರ್ಧ ಮಕ್ಕಳು ಅವಳ ಕೈಯಲ್ಲೇ ಮೊದಲ ಉಸಿರು ತೆಗೆದುಕೊಂಡವರು. ಆದರೆ ಒಮ್ಮೆ ಒಂದು ಕೂಸು ಅಳಲೇ ಇಲ್ಲ. ಅವಳು ಬಲ್ಲದ್ದನ್ನೆಲ್ಲ ಮಾಡಿದಳು. ಕೂಸು ಉಳಿಯಲಿಲ್ಲ. ಹೆತ್ತವಳೇ ಅವಳ ಕೈ ಹಿಡಿದು, ‘ನಿನ್ನ ತಪ್ಪಿಲ್ಲ ಬಿಡವ್ವ’ ಎಂದಳು. ಊರೂ ಹಾಗೆಯೇ ಅಂದಿತು. ಅವಳ ಮನಸ್ಸು ಮಾತ್ರ ಒಪ್ಪಲಿಲ್ಲ.

ಅಂದಿನಿಂದ ಅವಳಿಗೆ ವಿಚಾರ ಹತ್ತಿತು. ಕರೆ ಬಂದರೆ ಹೆರಿಗೆ ಸಾಮಾನಿನ ಗಂಟು ಕಟ್ಟುವಳು, ಮತ್ತೆ ಬಿಚ್ಚುವಳು. ಎಣ್ಣೆ ಸಾಲದಿದ್ದರೆ? ರಕ್ತ ನಿಲ್ಲದಿದ್ದರೆ? ಹೊಕ್ಕುಳಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಂಡಿದ್ದರೆ? ಗಂಟಿಗೆ ಇನ್ನೊಂದು ಅರಿವೆಬಟ್ಟೆ ಸೇರಿಸಿ ಮತ್ತೆ ಕಟ್ಟುವಳು. ಜನ ಸುಮ್ಮನಿರುತ್ತಾರೆಯೇ? ‘ಇವಳು ಗಂಟು ಕಟ್ಟುವಷ್ಟರಲ್ಲಿ ಕೂಸು ಅಂಬೆಗಾಲಿಡುತ್ತದೆ’ ಎಂದು ಆಡಿಕೊಂಡರು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ಬುದ್ಧಿ ಹೇಳುವವರು ಬೇರೆ. ಹೇಳುವುದಕ್ಕೇನು? ಸಂತೆಯಲ್ಲಿ ಮಲಗಿ ಗೊರಕೆ ಹೊಡೆಯುವವನ ಕೈಗೆ ಯಾರೂ ಕೂಸನ್ನು ಕೊಡುವುದಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ಆಚೆ ದಂಡೆಯ ಒಬ್ಬ ರೈತ ಹರಿಗೋಲಿನಲ್ಲಿ ಹೊಳೆ ದಾಟಿ ಓಡಿಬಂದ. ಅವನ ಹೆಂಡತಿಗೆ ಚೊಚ್ಚಲ ಹೆರಿಗೆ. ನೋವು ಹತ್ತಿ ಬಹಳ ಹೊತ್ತಾಗಿದೆ. ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿದೆ. ಆ ದಂಡೆಯಲ್ಲಿ ಸೂಲಗಿತ್ತಿಯರಿಲ್ಲ. ಅವಳು ಹೋಗದಿದ್ದರೆ ತಾಯಿಯೂ ಇಲ್ಲ, ಕೂಸೂ ಇಲ್ಲ.

ಅವಳು ಗಂಟು ಹಿಡಿದು ಹೊಳೆಯವರೆಗೆ ಬಂದಳು. ಅಲ್ಲಿ ಕಾಲು ಕಿತ್ತಿಡಲಾಗಲಿಲ್ಲ. ಹೊಳೆ ಏರುತ್ತಿತ್ತು. ಹರಿಗೋಲು ಮಗುಚಿದರೆ? ಮಗುಚದೆ ಮುಟ್ಟಿ, ಅಷ್ಟರಲ್ಲಿ ಹೊತ್ತು ಮೀರಿದ್ದರೆ? ಹೊತ್ತು ಮೀರಿರದೆ, ಈ ಕೂಸೂ ನನ್ನ ಕೈಯಲ್ಲೇ ತಣ್ಣಗಾದರೆ? ಅವಳು ನಿಂತೇ ಇದ್ದಳು. ರೈತ ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದ.

ಅಂಬಿಗ ಹರಿಗೋಲನ್ನು ದಂಡೆಗೆ ಒತ್ತಿಹಿಡಿದು ಹೇಳಿದ: ‘ಯವ್ವಾ, ವಿಚಾರ ಮಾಡಬ್ಯಾಡ ಅನ್ನೂದಿಲ್ಲ ನಾ. ಇದರಾಗ ಕುಂತು ಮಾಡು. ಹೊಳಿ ಏರಾಕ ಹತ್ತೈತಿ.’

ಅವಳಿಗೆ ಏನನ್ನಿಸಿತೋ, ಹತ್ತಿ ಕೂತಳು.

ಹರಿಗೋಲು ಬುಟ್ಟಿಯಂತೆ ದುಂಡಗಿರುವಂಥದ್ದು. ನಡುನೀರಿಗೆ ಬಂದದ್ದೇ ಸೆಳವು ಸಿಕ್ಕಿ ಗರಗರ ತಿರುಗತೊಡಗಿತು. ಅವಳು ಎರಡೂ ಕೈಯಲ್ಲಿ ಅಂಚು ಹಿಡಿದು, ‘ಯಪ್ಪಾ, ಇದನ್ನ ನಿಂದರಸೋ’ ಎಂದು ಕೂಗಿದಳು.

‘ಹರಿಗೋಲು ಅಂದಮ್ಯಾಲ ತಿರುಗೂದ ಯವ್ವಾ. ನೀರ ನೋಡಬ್ಯಾಡ. ಆಚಿ ದಂಡ್ಯಾಗ ಬೇವಿನ ಗಿಡ ಐತಲ್ಲ, ಅದನ್ನ ನೋಡು. ತಪ್ಪಿದ್ರ ತಪ್ಪಲಿ, ಹೊಳ್ಳಿ ಬರತೈತಿ.’

ಅವಳು ಬೇವಿನ ಮರವನ್ನು ನೋಡಿದಳು. ಮರ ಕಣ್ಣಿಗೆ ತಪ್ಪಿತು. ಬರೀ ನೀರು ಕಂಡಿತು, ಅಂಚನ್ನು ಇನ್ನೂ ಬಿಗಿ ಹಿಡಿದಳು. ಮತ್ತೆ ಮರ ಸಿಕ್ಕಿತು. ಮತ್ತೆ ತಪ್ಪಿತು. ಸಿಕ್ಕಾಗಲೆಲ್ಲ ಅದು ಮೊದಲಿಗಿಂತ ತುಸು ಹತ್ತಿರವಿತ್ತು. ಹಾಗೆ ಹಾಗೆಯೇ ಅದರ ಬುಡಕ್ಕೆ ಹೋಗಿ ಇಳಿದಳು.

ಹೆರಿಗೆಯ ಕೋಣೆಯಲ್ಲೂ ಅವಳ ತಲೆ ತಿರುಗುವುದನ್ನು ಬಿಡಲಿಲ್ಲ. ರಕ್ತ ನಿಲ್ಲದಿದ್ದರೆ ಎಂದಿತು. ಅವಳು ಅದನ್ನು ಬೈಯಲಿಲ್ಲ, ಅದರೊಡನೆ ವಾದಕ್ಕೂ ನಿಲ್ಲಲಿಲ್ಲ. ಮರಳಿ ಕೈಯ ಕೆಲಸಕ್ಕೆ ಬಂದಳು. ಹೊಟ್ಟೆಗೆ ಎಣ್ಣೆ ಸವರಿ, ನೋವು ಬಿಟ್ಟಾಗ ಒಂದಿಷ್ಟು, ಬಿಟ್ಟಾಗ ಒಂದಿಷ್ಟು, ಕೂಸನ್ನು ಮೆಲ್ಲಗೆ ತಿರುಗಿಸಿದಳು. ಬಹಳ ಹೊತ್ತು ಹಿಡಿಯಿತು. ಬಸುರಿ ಅವಳ ಸೆರಗನ್ನು ಬಿಡಲಿಲ್ಲ.

ಕೂಸು ಹುಟ್ಟಿತು. ಅಳಲಿಲ್ಲ.

ಹಳೆಯ ದಿನ ಹಾಗೆಯೇ ಎದುರಿಗೆ ಬಂದು ನಿಂತಿತು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೈ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಬಾಯಿ ಒರೆಸಿತು, ಬೋರಲು ಹಿಡಿಯಿತು, ಬೆನ್ನು ತಿಕ್ಕಿತು, ಮತ್ತೆ ತಿಕ್ಕಿತು. ಅರಿವೆ ತೋಯ್ದಾಗ ಗಂಟಿನಲ್ಲಿ ಇನ್ನೊಂದು ಅರಿವೆ ಇತ್ತು. ಜನ ನಕ್ಕ ಗಂಟು ಅದು. ಆ ಅರಿವೆಯಲ್ಲಿ ಸುತ್ತಿ ತಿಕ್ಕುತ್ತಿದ್ದಾಗ ಕೂಸು ಒಮ್ಮೆ ಬಿಕ್ಕಿ, ಚಿಟ್ಟನೆ ಚೀರಿತು. ಹೊರಗೆ ಅಂಗಳದಲ್ಲಿ ರೈತ ಬಾಯಿಗೆ ಒತ್ತಿಕೊಂಡಿದ್ದ ವಲ್ಲಿಯನ್ನು ಕೊನೆಗೂ ತೆಗೆದ.

ಇಲ್ಲಿಗೆ ಗುರುಗಳು ಕತೆ ಮುಗಿಸಿದರು. ಆಮೇಲೆ ಹೇಳಿದರು: ‘ಮುಪ್ಪಿನಲ್ಲಿ ಅವಳು ಒಮ್ಮೆ ಮಠಕ್ಕೆ ಬಂದಿದ್ದಳು. ಇದನ್ನೆಲ್ಲ ಅವಳ ಬಾಯಿಂದಲೇ ಕೇಳಿದೆ. ಕೇಳಿ, ಗದ್ದುಗೆಯಿಂದ ಇಳಿದು ಕೈ ಮುಗಿದೆ. ಧೈರ್ಯವಂತರು ಬೇಕಾದಷ್ಟು ಜನ ಸಿಗುತ್ತಾರಪ್ಪ. ಅಂಥವಳು ಮತ್ತೆ ಸಿಗಲಿಲ್ಲ.’

ಗುರುಪಾದ ಮುಂದಕ್ಕೆ ಸರಿದು ಕೂತ. ‘ಅಷ್ಟಾದ ಮೇಲಾದರೂ ಆ ಸೂಲಗಿತ್ತಿಯ ವಿಚಾರ ನಿಂತಿತೇ, ಗುರುಗಳೇ?’

‘ಇಲ್ಲಪ್ಪ, ಅಂದಿನಿಂದ ಕರೆ ಬಂದಾಗಲೆಲ್ಲ ಅದೂ ಅವಳ ಜೊತೆಗೇ ಹರಿಗೋಲು ಹತ್ತುತ್ತಿತ್ತು.’